ನಡುಗುವ ಕರ್ಸರ್

ಕೆಲಸ ಬಿಟ್ಟು ನಾಲ್ಕು ತಿಂಗಳಾಯಿತು. ಇದನ್ನು ನಿವೃತ್ತಿ ಅಂದರೆ ಅಪ್ಪ ನಗುತ್ತಾರೆ. ಅವರು ರಕ್ಷಣಾ ಕಾರ್ಖಾನೆಯಲ್ಲಿ ಅರವತ್ತು ತುಂಬುವವರೆಗೆ ದುಡಿದವರು, ನನಗೆ ಈಗ ಮೂವತ್ನಾಲ್ಕು. ಆದರೆ ವಿಡಿಯೋ ಗೇಮ್‌ಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಹನ್ನೊಂದು ವರ್ಷ ಉಳಿದವರು ಕಡಿಮೆ. ನನ್ನ ಜೊತೆ ಸೇರಿದವರೆಲ್ಲ ಎಲ್ಲೆಲ್ಲಿಗೋ ಹೋದರು. ಹೊಸ ಹುಡುಗಿಯರು ನನ್ನನ್ನು 'ಅಜ್ಜಿ' ಎಂದು ಕರೆಯತೊಡಗಿದ ಮೇಲೆ ಸಾಕು ಅನ್ನಿಸಿತು.

ಈಗ ಬೆಳಿಗ್ಗೆ ಬಾಲ್ಕನಿಯಲ್ಲಿ ಚಹಾ ಹಿಡಿದು ಕೂಡುತ್ತೇನೆ. ಹೈದರಾಬಾದಿನ ಶಂಶಾಬಾದ್ ನಿಲ್ದಾಣದ ಕಡೆ ಇಳಿಯುವ ವಿಮಾನಗಳು ಮಂಜಿನಲ್ಲಿ ಒಂದರ ಹಿಂದೆ ಒಂದು ತೇಲಿ ಬರುತ್ತವೆ. ಇಷ್ಟು ವರ್ಷ ಊರುಗಳನ್ನು ಮೇಲಿನಿಂದ ನೋಡಿದವಳು ನಾನು, ಕೆಳಗಿನಿಂದ ನೋಡುವುದು ಇನ್ನೂ ರೂಢಿಯಾಗಿಲ್ಲ. ವಿಮಾನ ಸ್ವಲ್ಪ ಹೊತ್ತು ಒಂದೇ ಕಡೆ ನಿಂತಂತೆ ಕಂಡರೆ ಬಲಗೈ ತಾನಾಗಿಯೇ ಮೌಸ್ ಹುಡುಕುತ್ತದೆ, ಅದನ್ನು ಹಿಡಿದು ಮೆಲ್ಲಗೆ ರನ್‌ವೇ ಮೇಲೆ ಇಟ್ಟುಬಿಡೋಣ ಅನ್ನುವ ಹಾಗೆ.

ಈ ಕೆಲಸಕ್ಕೆ ಸೇರಬೇಕೆನ್ನುವ ಹುಡುಗರು ನನಗೆ ಆಗಾಗ ಬರೆಯುತ್ತಾರೆ. "ಅಕ್ಕಾ, ದಿನಾ ಆಟ ಆಡೂದಕ್ಕ ಪಗಾರ ಕೊಡ್ತಾರಂತ, ಖರೇನ?" ಖರೆ. ಆದರೆ ಒಂದೇ ಬಾಗಿಲನ್ನು ನಾನೂರು ಸಲ ತೆರೆದು ಮುಚ್ಚುವುದನ್ನೂ ಅಲ್ಲಿ ಆಟ ಅನ್ನುತ್ತಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೆಚ್ಚಾಗಿ ಪರೀಕ್ಷಿಸಿದ್ದು ಊರು ಕಟ್ಟುವ, ರೈಲು ಓಡಿಸುವ, ಸೈನ್ಯ ನಡೆಸುವ ಆಟಗಳನ್ನು. ಅವು ಕಂಪ್ಯೂಟರಿನಲ್ಲಿ ಒಂದು ರೀತಿ ನಡೆಯುತ್ತವೆ, ಟೀವಿಗೆ ಜೋಡಿಸುವ ಕನ್ಸೋಲಿನಲ್ಲಿ ಇನ್ನೊಂದು ರೀತಿ. ಆ ಎರಡರ ನಡುವಿನ ವ್ಯತ್ಯಾಸದಲ್ಲೇ ನನ್ನ ವಯಸ್ಸಿನ ಒಳ್ಳೆಯ ಭಾಗ ಕಳೆಯಿತು. ಅದೇ ವ್ಯತ್ಯಾಸದಲ್ಲಿ, ನನಗೆ ಕೆಲಸ ಕಲಿಸಿದ ಕುಲಕರ್ಣಿ ಸರ್ ಆಟವನ್ನೇ ಬಿಟ್ಟುಬಿಡುವ ಹಂತಕ್ಕೂ ಬಂದಿದ್ದರು. ಅವರ ಗುಟ್ಟನ್ನು ಎಲ್ಲರೆದುರು ಬೋರ್ಡಿನ ಮೇಲೆ ಬರೆದು ಅಂಟಿಸಿದವಳು ನಾನೇ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ.

ನನಗೆ ಆಟ ಯಾರೂ ಕಲಿಸಲಿಲ್ಲ. ನಾವಿದ್ದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪನ ಗೆಳೆಯರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಕಂಪ್ಯೂಟರನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದರು. ಅದರಲ್ಲಿ ಊರು ಕಟ್ಟುವ ಒಂದು ಆಟವಿತ್ತು. ಅದರಲ್ಲಿ ಕಾಲದ ವೇಗ ಹೆಚ್ಚಿಸುವ ಬಟನ್ ಒಂದಿದೆ ಎಂದು ಮೂರು ವರ್ಷ ನನಗೆ ಗೊತ್ತೇ ಇರಲಿಲ್ಲ. ಒಂದು ಸೇತುವೆ ಮುಗಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಗಲ್ಲಕ್ಕೆ ಕೈ ಕೊಟ್ಟು ಕೂತಿರುತ್ತಿದ್ದೆ. ಅಲ್ಲಿ ಮಳೆ ಬರುತ್ತಿತ್ತು, ಹೋಗುತ್ತಿತ್ತು. ಸಣ್ಣ ಲಾರಿಗಳು ಹೊಳೆಯ ಅಂಚಿನವರೆಗೆ ಬಂದು ಕಾಯುತ್ತಿದ್ದವು.

"ಏನ್ ನೋಡಾಕತ್ತೀ ಅಷ್ಟೊತ್ತಿಂದ?" ಎಂದು ಅವ್ವ ಕೇಳುತ್ತಿದ್ದಳು.

"ಸೇತುವಿ ಕಟ್ಟಾಕತ್ತಾರವ್ವಾ."

"ಮುಗದ ಮ್ಯಾಲ ಕರಿ, ನಾನೂ ನೋಡ್ತೀನಿ."

ಮುಗಿದ ಮೇಲೆ ನಿಜವಾಗಿಯೂ ಕರೆಯುತ್ತಿದ್ದೆ. ಅವ್ವ ಕೈಯೊರೆಸಿಕೊಳ್ಳುತ್ತ ಬಂದು, ಮೊದಲ ಲಾರಿ ದಾಟುವುದನ್ನು ನೋಡಿ, "ಪಾಡ ಆತು," ಎಂದು ಮೆಚ್ಚಿ ಒಳಗೆ ಹೋಗುತ್ತಿದ್ದಳು. ಆಮೇಲೆ ವೇಗದ ಬಟನ್ ಸಿಕ್ಕಿತು. ಆದರೂ ಕಾಯುವ ಆ ರೂಢಿ ಹೋಗಲಿಲ್ಲ. ಪರೀಕ್ಷಕರಿಗೆ ಬೇಕಾದದ್ದು ಅದೊಂದೇ ಎಂದು ಮುಂದೆ ಗೊತ್ತಾಯಿತು.

ಸಂದರ್ಶನದ ದಿನ ಕುಲಕರ್ಣಿ ಸರ್ ನನ್ನನ್ನು ಏನೂ ಕೇಳಲಿಲ್ಲ. ಒಂದು ಕಂಪ್ಯೂಟರಿನ ಮುಂದೆ ಕೂರಿಸಿ, "ಆಡ್ರಿ," ಎಂದರು. ಪಕ್ಕದ ಕುರ್ಚಿಯಲ್ಲಿ ಕೂತರು. ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಮಾತ್ರ ಬಿಳಿ ಕೂದಲು. ಅವರ ಅಜ್ಜನ ಕಾಲಕ್ಕೇ ಕಲಬುರ್ಗಿ ಕಡೆಯಿಂದ ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದ ಮನೆತನ. ನಾನು ಆಡುತ್ತಿರುವಾಗ ಅವರು ಪರದೆಯನ್ನು ಒಮ್ಮೆಯೂ ನೋಡಲಿಲ್ಲ, ನನ್ನ ಕೈಗಳನ್ನೇ ನೋಡುತ್ತಿದ್ದರು.

"ಎಡಗೈ ಏನ್ ಮಾಡ್ಲಿಕ್ಕತ್ತದ?" ಎಂದು ಕೇಳಿದರು.

"ಸುಮ್ನ ಕುಂತೈತ್ರಿ."

"ಅದಕ್ಕೂ ಕೆಲಸಾ ಕೊಡು. ಅರ್ಧಾ ಮನುಷ್ಯಾ ಖಾಲಿ ಕೂತಂಗಾತಲ್ಲ."

ಕಂಪ್ಯೂಟರಿನ ಆಟದ ಸಾರವೆಲ್ಲ ಆ ಮಾತಿನಲ್ಲಿತ್ತು. ಬಲಗೈಯ ಮೌಸ್ ಬೆರಳು ತೋರಿಸುವ ಹಾಗೆ: ಇಲ್ಲಿ, ಅಲ್ಲಿ, ಆ ಮರದ ಪಕ್ಕ. ಎಡಗೈ ಕೀಬೋರ್ಡಿನ ಮೇಲೆ ಓಡಾಡುತ್ತ ಒಂದನೇ ದಂಡನ್ನು ಕರೆಯುತ್ತದೆ, ಎರಡನೆಯದನ್ನು ಕಳಿಸುತ್ತದೆ, ಕಾಲವನ್ನು ನಿಲ್ಲಿಸುತ್ತದೆ. ಪರದೆ ಮೊಳದಷ್ಟು ದೂರದಲ್ಲಿ. ಸಣ್ಣ ಅಕ್ಷರ, ಇಪ್ಪತ್ತು ಕಿಟಕಿ, ಮೂಲೆಯಲ್ಲಿ ನಕ್ಷೆ, ಎಲ್ಲ ಒಟ್ಟಿಗೆ ಕಾಣಿಸುತ್ತದೆ. ಬೆನ್ನು ಬಾಗಿ, ಮೂಗು ಮುಂದೆ ಬಂದು, ಆಡುವವರು ಕೈಗಡಿಯಾರ ರಿಪೇರಿ ಮಾಡುವವರ ಹಾಗೆ ಕೂತಿರುತ್ತಾರೆ.

ಕನ್ಸೋಲಿನವರು ಸೋಫಾದ ಮೇಲೆ ಒರಗಿರುತ್ತಾರೆ. ಟೀವಿ ಎದುರಿನ ಗೋಡೆಯ ಮೇಲೆ. ಕೈಯಲ್ಲಿ ಪ್ಯಾಡ್, ಎರಡೂ ಕೈಯಿಂದ ಹಿಡಿಯುವ ಪುಟ್ಟ ಸಾಧನ. ಬಟನ್‌ಗಳು ಹದಿನಾರೋ ಹದಿನೇಳೋ, ಅಷ್ಟೇ. ಬೆರಳು ತೋರಿಸುವ ಹಾಗಿಲ್ಲ. ಹೆಬ್ಬೆರಳಿನಿಂದ ಸಣ್ಣ ಕಡ್ಡಿಯೊಂದನ್ನು ವಾಲಿಸಿದರೆ ಪರದೆಯ ಕರ್ಸರ್ ಆ ಕಡೆ ಜಾರುತ್ತ ಹೋಗುತ್ತದೆ. ಬೇಕಾದಲ್ಲಿ ನಿಲ್ಲಿಸುವುದೇ ಕಷ್ಟ. ಸರದಿಯ ಪ್ರಕಾರ ನಡೆಯುವ ಆಟವಾದರೆ ಚಿಂತೆಯಿಲ್ಲ, ನಿಧಾನವಾಗಿ ಯೋಚಿಸಿ ಒತ್ತಬಹುದು. ಕಾಲ ಓಡುತ್ತಲೇ ಇರುವ ಆಟದಲ್ಲಿ ಮಾತ್ರ, ಕರ್ಸರ್ ಸೇತುವೆ ಮುಟ್ಟುವುದರೊಳಗೆ ಪ್ರವಾಹ ಬಂದು ಹೋಗಿರುತ್ತದೆ.

"ಪ್ಯಾಡ್ ಹಿಡಕೊಂಡು ರೈಲ್ವೆ ನಡಸೋದಂದ್ರ, ಕೈಗವಸು ಹಾಕ್ಕೊಂಡು ಸೂಜಿಗೆ ದಾರಾ ಪೋಣಿಸಿದಂಗ," ಎನ್ನುತ್ತಿದ್ದರು ಕುಲಕರ್ಣಿ ಸರ್. ಕಂಪ್ಯೂಟರಿಗೆಂದೇ ಮಾಡಿದ್ದ ನಮ್ಮ ರೈಲು ಆಟವನ್ನು ಕನ್ಸೋಲಿಗೆ ಒಗ್ಗಿಸುವ ಕೆಲಸ ಬಂದಾಗ ಅವರಿಗೆ ಸ್ವಲ್ಪವೂ ಮನಸ್ಸಿರಲಿಲ್ಲ. ಆದರೂ ಒಪ್ಪಿಕೊಂಡ ಮೇಲೆ ಅವರಷ್ಟು ಕಟ್ಟುನಿಟ್ಟಾಗಿ ಮಾಡಿದವರಿಲ್ಲ.

ಮೊದಲ ತಪ್ಪು ನಮ್ಮೆಲ್ಲರದ್ದು. ಕನ್ಸೋಲನ್ನು ಮೇಜಿನ ಮೇಲಿಟ್ಟು, ಕಂಪ್ಯೂಟರಿನ ಪರದೆಗೇ ಜೋಡಿಸಿ, ಮೂಗಿನ ಮುಂದೆ ಇಟ್ಟುಕೊಂಡು ಮೂರು ತಿಂಗಳು ಪರೀಕ್ಷಿಸಿದೆವು. ಎಲ್ಲ ಚೆಂದ ಕಂಡಿತು. ಆಟ ಮಾರುವ ಕಂಪನಿಯಿಂದ ಬಂದ ಹೆಂಗಸೊಬ್ಬರು ದೂರದ ಕುರ್ಚಿಯಲ್ಲಿ ಕೂತು, ಟೀವಿ ನೋಡಿ, "ಈ ಇರುವೆ ಸಾಲು ಏನು?" ಎಂದು ಕೇಳಿದರು. ಅದು ರೈಲುಗಳ ವೇಳಾಪಟ್ಟಿ.

ಮರುವಾರವೇ ಕುಲಕರ್ಣಿ ಸರ್ ತಮ್ಮ ಮನೆಯ ಹಳೆಯ ಸೋಫಾವನ್ನು ಆಟೋ ಟ್ರಾಲಿಯಲ್ಲಿ ಹಾಕಿಸಿಕೊಂಡು ಬಂದರು. ಕಿಟಕಿಯ ಬಿಸಿಲು ಟೀವಿಯ ಮೇಲೆ ಬೀಳುತ್ತದೆಂದು ನನ್ನನ್ನು ಸುಲ್ತಾನ್ ಬಜಾರಿಗೆ ಕಳಿಸಿ ದಪ್ಪ ಪರದೆ ಬಟ್ಟೆ ತರಿಸಿದರು. ನಾನು ತಂದದ್ದು ನೀಲಿ. ಮಧ್ಯಾಹ್ನದ ಬಿಸಿಲು ಅದರ ಮೂಲಕ ಸೋಸಿ ಬಂದಾಗ ಕೋಣೆಯೆಲ್ಲ ನೀರಿನ ಅಡಿಯಲ್ಲಿರುವ ಹಾಗೆ ಕಾಣುತ್ತಿತ್ತು. ಪರದೆ ಹಾಕಿದ ಮೇಲೆ ಒಂದು ನಿಯಮ ಮಾಡಿದರು: ಒಬ್ಬರು ಸೋಫಾಕ್ಕೆ ಬೆನ್ನು ಆನಿಸಿ ಆಡಬೇಕು, ಇನ್ನೊಬ್ಬರು ಪಕ್ಕದಲ್ಲಿ ನಿಂತು ಆ ಬೆನ್ನನ್ನೇ ನೋಡುತ್ತಿರಬೇಕು. ಬೆನ್ನು ಸೋಫಾದಿಂದ ಎದ್ದರೆ ಅದು ಬಗ್, ಅಂದರೆ ಆಟದ ದೋಷ. ಅಕ್ಷರ ಓದಲಿಕ್ಕೆ ಬಾಗಿದರೋ, ಕರ್ಸರ್ ಸಿಗದೆ ಬಾಗಿದರೋ, ಯಾಕೆಂದು ಆಮೇಲೆ ಹುಡುಕಬೇಕು. ಮೊದಲು ಬರೆದುಕೊಳ್ಳಬೇಕು.

ಮೊದಲ ದಿನ ನನ್ನ ಬೆನ್ನು ಅರವತ್ತು ಸಲ ಎದ್ದಿತು.

ನೀವು ಈ ಕೆಲಸಕ್ಕೆ ಹೋದರೆ ಇದೊಂದನ್ನು ನೆನಪಿಟ್ಟುಕೊಳ್ಳಿ. ಆಡುವವರು ಏನು ಹೇಳುತ್ತಾರೆ ಅನ್ನುವುದನ್ನು ಪೂರ್ತಿ ನಂಬಬೇಡಿ. "ಛಲೋ ಐತಿ" ಎಂದು ಬಾಯಿ ಹೇಳುತ್ತಿರುವಾಗಲೇ ಬೆನ್ನು ಎದ್ದಿರುತ್ತದೆ.

ಎರಡನೇ ತಪ್ಪು ನನ್ನೊಬ್ಬಳದ್ದು. ಪರೀಕ್ಷೆಗೆಂದು ಕೊಟ್ಟಿದ್ದ ಕನ್ಸೋಲಿಗೆ ಮೌಸನ್ನೂ ಸಿಕ್ಕಿಸಬಹುದಿತ್ತು. ಬೇಗ ಆಗಲಿ ಅಂತ ನಾನು ಮೌಸಿನಿಂದ ಊರು ಕಟ್ಟಿ, ಹಳಿ ಹಾಕಿ, ಉಳಿಸಿಟ್ಟು, ಆಮೇಲೆ ಪ್ಯಾಡ್ ಹಿಡಿದು ರೈಲು ಓಡಿಸುತ್ತಿದ್ದೆ. ತಂಡದವರೆಲ್ಲ ನಾನು ಕಟ್ಟಿದ ಊರುಗಳಲ್ಲೇ ಪರೀಕ್ಷೆ ಮಾಡಿದರು. ಅಂದರೆ ಪ್ಯಾಡ್ ಹಿಡಿದು ಮೊದಲಿನಿಂದ ಒಂದು ಊರನ್ನು ಯಾರೂ ಕಟ್ಟಿಯೇ ಇರಲಿಲ್ಲ. ಕುಲಕರ್ಣಿ ಸರ್ ಒಂದು ದಿನ ಖಾಲಿ ನಕ್ಷೆ ತೆರೆದು ನನಗೆ ಪ್ಯಾಡ್ ಕೊಟ್ಟರು. "ಆ ಕೆರಿ ಸುತ್ತ ಒಂದು ಹಳಿ ಹಾಕು," ಎಂದರು. ಮಧ್ಯಾಹ್ನ ಊಟ ಮುಗಿಸಿ ಕೂತವಳು ಐದು ಗಂಟೆಯಾದರೂ ಕೆರೆಯ ಅರ್ಧ ಸುತ್ತಿರಲಿಲ್ಲ. ಕರ್ಸರ್ ಪ್ರತಿಸಲ ನೀರಿಗೆ ಜಾರುತ್ತಿತ್ತು.

ಅವರು ಏನೂ ಬೈಯಲಿಲ್ಲ. ಮೌಸನ್ನು ಕಿತ್ತು, ಕರವಸ್ತ್ರದಲ್ಲಿ ಸುತ್ತಿ, ತಮ್ಮ ಡ್ರಾಯರಿನಲ್ಲಿಟ್ಟು ಕೀಲಿ ಹಾಕಿದರು. "ಆಯುಧ ಪೂಜಾ ದಿನಾ ತಗದು ಹೂವಾ ಏರಿಸೋಣು," ಎಂದರು.

ಆ ಸಂಜೆ ಸಿಕಂದರಾಬಾದ್ ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ನಿಂತಿದ್ದೆ. ಕೆಳಗೆ ಹಳಿಗಳು ಕೂಡುತ್ತಿದ್ದವು, ಬಿಡುತ್ತಿದ್ದವು. ಸಿಗ್ನಲ್ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಸುಮ್ಮನೆ ನೋಡುತ್ತ ನೋಡುತ್ತ ನನ್ನ ಕಣ್ಣು ಜಾರುತ್ತಿಲ್ಲ, ಜಿಗಿಯುತ್ತಿದೆ ಎಂದು ಗೊತ್ತಾಯಿತು. ಒಂದು ದೀಪದಿಂದ ಇನ್ನೊಂದು ದೀಪಕ್ಕೆ, ಒಂದು ಕೂಡುಹಳಿಯಿಂದ ಇನ್ನೊಂದಕ್ಕೆ. ನಡುವಿನ ಜಲ್ಲಿಕಲ್ಲು ಕಣ್ಣಿಗೆ ಬೇಕಾಗಿಯೇ ಇರಲಿಲ್ಲ. ಕರ್ಸರ್ ಕೂಡ ಹಾಗೇ ಯಾಕೆ ಜಿಗಿಯಬಾರದು? ಕಡ್ಡಿಯನ್ನು ಒಮ್ಮೆ ದೂಡಿದರೆ ಹತ್ತಿರದ ಕೂಡುಹಳಿಗೆ, ಇನ್ನೊಮ್ಮೆ ದೂಡಿದರೆ ಅದರ ಮುಂದಿನದಕ್ಕೆ. ಜನ ತಳ್ಳಿಕೊಂಡು ಹೋಗುತ್ತಿದ್ದರು. ನಾನು ಮಾತ್ರ ಅಲ್ಲೇ ನಿಂತು, ಹಕ್ಕಿಯೊಂದು ದೀಪದಿಂದ ದೀಪಕ್ಕೆ ಹಾರುವುದನ್ನು ನೋಡುವ ಹಾಗೆ ಮನಸ್ಸಿನಲ್ಲೇ ಕರ್ಸರನ್ನು ಇಡೀ ಸ್ಟೇಷನ್ ದಾಟಿಸಿದೆ.

ಮರುದಿನ ಹೇಳಿದರೆ ಕುಲಕರ್ಣಿ ಸರ್ ತಲೆಯಾಡಿಸಿದರು. "ಬ್ಯಾಡ. ಎಲ್ಲಿ ಬೇಕಾದಲ್ಲಿ ತೋರ್ಸೋದ ಈ ಆಟದ ಜೀವಾ. ನೀ ಅದನ್ನ ಮೆಟ್ಲಾ ಮಾಡ್ಲಿಕ್ಕತ್ತಿ. ತಪ್ಪು ಮಾಡಲಿಕ್ಕೂ ಜಾಗಾ ಇರಬೇಕಲ್ಲ ಮನುಷ್ಯಾಗ?"

ಅವರ ಮಾತಿನಲ್ಲೂ ಅರ್ಥವಿತ್ತು. ನಾನು ಆ ವಿಚಾರವನ್ನು ಅಲ್ಲಿಗೇ ಬಿಟ್ಟೆ.

ಆ ಹೊತ್ತಿಗೆ ಕೆಲಸದ ರೀತಿ ಬದಲಾಯಿತು. ಮೊದಲು ನಾವು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆವು. ನಮ್ಮ ಪ್ರೋಗ್ರಾಮರ್ ಫರ್ಹಾನ್ ಹೊಸದೊಂದು ವ್ಯವಸ್ಥೆ ಮಾಡಿದ. ಅವನೂ ಕಲಬುರ್ಗಿಯವನೇ, ನನಗಿಂತ ಚಿಕ್ಕವನು, ಕನ್ನಡದಲ್ಲಿ ಶುರು ಮಾಡಿ ದಖ್ಖನಿ ಉರ್ದುವಿನಲ್ಲಿ ಮುಗಿಸುವವನು. ಅವನ ವ್ಯವಸ್ಥೆ, ಯಾರೇ ಆಡಿದರೂ ಅವರ ಕರ್ಸರ್ ಹೋದ ದಾರಿಯನ್ನು ಕಪ್ಪು ಪರದೆಯ ಮೇಲೆ ಬಿಳಿ ಗೆರೆಯಾಗಿ ಉಳಿಸುತ್ತಿತ್ತು. ಹೆಸರಿಲ್ಲ, ಬರೀ ನಂಬರು. ಆ ಗೆರೆಗಳನ್ನು ನೋಡುತ್ತ ಕೂರುವುದು ನನಗೆ ಭಾಳ ಇಷ್ಟ. ಊರಿಲ್ಲ, ರೈಲಿಲ್ಲ, ಯಾರೋ ಒಬ್ಬರ ಕೈ ಮಾತ್ರ ಕತ್ತಲಲ್ಲಿ ರಂಗೋಲಿ ಬಿಡುತ್ತ ಹೋದ ಹಾಗೆ. ಫರ್ಹಾನನದು ಗಾಳಿಪಟದ ದಾರ. ಕುಲಕರ್ಣಿ ಸರ್ ಆಡುವುದನ್ನು ಎಷ್ಟೋ ಸಲ ನೋಡಿದ್ದರಿಂದ ಅವರದು ಸ್ಕೇಲ್ ಇಟ್ಟು ಎಳೆದ ಗೆರೆ ಎಂದು ನನಗೆ ಗೊತ್ತಿತ್ತು.

ಹಾಗಿರುವಾಗ ಒಂದು ನಂಬರಿನ ಗೆರೆ ವಿಚಿತ್ರವಾಗಿ ಕಂಡಿತು. ಕಂಪ್ಯೂಟರಿನಲ್ಲಿ ಆಡಿದ್ದು. ದೂರ ಹೋಗುವಾಗ ಗೆರೆ ನೆಟ್ಟಗೆ. ಸಣ್ಣದೇನಾದರೂ ಹಿಡಿಯಲು ಹತ್ತಿರ ಬಂದಾಗ ಮಾತ್ರ ಸಣ್ಣ ಸಣ್ಣ ಹಲ್ಲುಗಳ ಗರಗಸದ ಹಾಗೆ ನಡುಗುತ್ತಿತ್ತು. ಹಿಂದಿನ ದಿನದ್ದು ತೆಗೆದು ನೋಡಿದೆ, ಅಲ್ಲೂ ಇತ್ತು. ಕಷ್ಟದ ಬಗ್ ಸಿಕ್ಕಾಗ ಆಗುವ ಸಂತೋಷ ಅದನ್ನು ಹುಡುಕಿದವರಿಗೇ ಗೊತ್ತು. ಕೂತು ಚೆನ್ನಾಗಿ ಬರೆದೆ. 'ಕರ್ಸರ್ ನಡುಗುತ್ತದೆ. ಸಣ್ಣ ವಸ್ತುವನ್ನು ಹಿಡಿಯುವಾಗ ನಡುಕ ಹೆಚ್ಚು. ಬಿಟ್ಟ ಮೇಲೆ ನಿಲ್ಲುತ್ತದೆ. ದಿನದಿಂದ ದಿನಕ್ಕೆ ಹೆಚ್ಚುತ್ತಿರುವಂತಿದೆ. ಗಂಭೀರ.' ಬರೆದು, ಎಲ್ಲರೂ ನೋಡುವ ಗೋಡೆಯ ಬೋರ್ಡಿನ ಮೇಲೆ ಎಲ್ಲಕ್ಕಿಂತ ಮೇಲೆ ಅಂಟಿಸಿದೆ.

ಮೂರು ದಿನ ಫರ್ಹಾನ್ ಅದರ ಹಿಂದೆ ಬಿದ್ದ. ಮೌಸ್ ಬದಲಿಸಿದ, ವೈರ್ ಬದಲಿಸಿದ, ಮೇಜಿನ ಗಾಜಿನ ಕೆಳಗೆ ಕಾಗದ ಹಾಕಿ ನೋಡಿದ.

"ಸುಮಕ್ಕಾ, ನಿಮ್ಮ ಬಗ್ ನಂಗ್ ಸಿಗವಲ್ದು. ನಾ ಆಡಿದ್ರ ನಡುಗಂಗಿಲ್ಲ. ಖಾಲಿಪೀಲಿ ತಲಿ ಖರಾಬ್ ಆಗಾಕತ್ತೈತಿ."

ಬೆಳಗಿನ ಸಭೆಯಲ್ಲೂ ಅದೇ ಮಾತು. ಬೋರ್ಡಿನ ಮುಂದೆ ನಿಂತು ಫರ್ಹಾನ್ ಹೇಳಿದ, "ಸರ್, ಪಾಪ ಈ ಕರ್ಸರಿಗಿ ಥಂಡಿ ಹತ್ತೈತಿ. ಒಂದ್ ಸ್ವೆಟರ್ ತೊಡಸೋಣ್ರಿ." ಎಲ್ಲರೂ ನಕ್ಕರು, ನಾನೂ ನಕ್ಕೆ. ಕುಲಕರ್ಣಿ ಸರ್ ಕೂಡ ನಕ್ಕರು. ಅವರ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿದ್ದವು.

ಗೆರೆಗಳ ಪಕ್ಕದಲ್ಲಿ ಹೊತ್ತು ನಮೂದಾಗಿರುತ್ತಿತ್ತು. ನಾನು ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದೆ. ಎಲ್ಲವೂ ಮಧ್ಯಾಹ್ನದ ಊಟದ ನಂತರದ್ದು, ಎಲ್ಲವೂ ಯಾರು ಬೇಕಾದರೂ ಕೂತು ಆಡಬಹುದಾಗಿದ್ದ ಗಾಜಿನ ಕೋಣೆಯ ಕಂಪ್ಯೂಟರಿನದ್ದು. ಅಲ್ಲಿನ ಮೌಸಿನ ಕೆಳಗೆ ಧೂಳಿರಬಹುದು, ಒರೆಸಿ ಬರೋಣ ಎಂದು ಬಟ್ಟೆ ಹಿಡಿದು ಹೋದೆ. ಬಾಗಿಲು ತೆರೆದಿತ್ತು. ಕುಲಕರ್ಣಿ ಸರ್ ಒಬ್ಬರೇ ಆಡುತ್ತಿದ್ದರು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಕೈ ತಪ್ಪಿಸಿಕೊಂಡು ಓಡುವ ಮರಿಯನ್ನು ಹಿಡಿದ ಹಾಗೆ. ಪರದೆಯ ಮೇಲೆ ಕರ್ಸರ್ ಒಂದು ಪುಟ್ಟ ಸಿಗ್ನಲ್ ಕಂಬದ ಸುತ್ತ ನಡುಗುತ್ತಿತ್ತು. ಎಡಗೈಗೂ ಅವರು ಕೆಲಸ ಕೊಟ್ಟಿದ್ದರು.

"ಬಗ್ ಹುಡುಕ್ಕೋತ ಬಂದ್ಯಾ?" ತಿರುಗದೆಯೇ ಕೇಳಿದರು.

ನಾನು ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದೆ.

"ಸಿಕ್ತಲ್ಲ. ಇನ್ನ ಬಾಗಲಾ ಹಾಕು."

ಹಾಕಿದೆ. "ಯಾವಾಗಿಂದ್ರೀ ಸರ್?"

"ದಸರಾ ಆದಾಗಿಂದ. ನಮ್ಮಪ್ಪಗೂ ಇತ್ತು. ಡಾಕ್ಟರ್ ಅಂದ್ರು, ಅಂಜೋದೇನಿಲ್ಲ, ಬರೇ ನಡುಗತದ ಅಷ್ಟ. ಬರೇ ಅಂತ!" ಅವರು ಮೌಸ್ ಬಿಟ್ಟು ಕೈಯನ್ನು ತೊಡೆಯ ಮೇಲೆ ಮಗುಚಿಟ್ಟರು. ಅಲ್ಲಿ ಅದು ಸುಮ್ಮನೆ ಮಲಗಿತು. "ಊಟಾ ಮಾಡ್ತೀನಿ, ಸಹಿ ಮಾಡ್ತೀನಿ. ಸಹಿ ಒಂಚೂರು ಕಾಗಿ ಕಾಲಾಗತದ. ಅದಕ್ಕೇನಿಲ್ಲ. ಆದ್ರ ಇದನ್ನ ಆಡಲಿಕ್ಕೆ ಆಗವಲ್ದು ಸುಮಾ. ನನಗ ಗೊತ್ತದ ಎಲ್ಲಿ ಇಡಬೇಕಂತ. ಕೈ ಅಲ್ಲಿ ಹೋಗವಲ್ದು."

"ತಪ್ಪಾತ್ರೀ ಸರ್. ನಾ ಈಗ ಹೋಗಿ ಆ ಬರದದ್ದು ತಗದ್ ಬಿಡ್ತೀನಿ."

"ಯಾಕ? ಬಗ್ ಅಳಸೋ ಚಟಾ ನಮ್ಮಲ್ಲಿಲ್ಲ. ಡಾಕ್ಟರಗಿಂತ ಛಂದ ಬರದೀ ನೀ." ನಕ್ಕರು, ಆಮೇಲೆ ನಿಲ್ಲಿಸಿದರು. "ಈ ಕನ್ಸೋಲಿನ ಕೆಲಸಾ ಒಂದು ಮುಗೀಲಿ, ಬಿಡ್ತೀನಿ. ನೌಕರಿ ಅಷ್ಟ ಅಲ್ಲ, ಆಟಾನೂ. ಅರ್ಧಂಬರ್ಧ ಆಡಲಿಕ್ಕೆ ನನಗ ಬರಂಗಿಲ್ಲ."

ಆ ರಾತ್ರಿಯ ನಿದ್ದೆಯಲ್ಲಿ ನಾನು ಕಟ್ಟಿದ ಊರುಗಳೆಲ್ಲ ಒಂದರ ಪಕ್ಕ ಒಂದು ಬಂದು ಕೂತಿದ್ದವು. ಎಲ್ಲ ಸ್ಟೇಷನ್ನುಗಳಲ್ಲೂ ರೈಲು ನಿಂತಿತ್ತು. ಯಾವುದೋ ಒಂದು ಕೈ ಬಂದು ಸಿಗ್ನಲ್ ಇಡಲಿ ಎಂದು ಜನ ಕಿಟಕಿಯಿಂದ ತಲೆ ಹಾಕಿ ಮೇಲೆ ನೋಡುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ.

ಬೆಳಿಗ್ಗೆ ಎದ್ದಾಗ ಒಂದು ಮಾತು ತಲೆಯಲ್ಲಿತ್ತು. ಮೌಸ್ ಹಿಡಿಯುವ ಕೈ ಮೇಜಿನ ಮೇಲೆ ಒಂಟಿ. ಪ್ಯಾಡ್ ಹಿಡಿಯುವ ಕೈಗಳು ಎರಡು, ಒಂದಕ್ಕೊಂದು ಆಸರೆ, ತೊಡೆಯ ಮೇಲೆ ಒರಗಿರುತ್ತವೆ. ಹೆಬ್ಬೆರಳ ಕಡ್ಡಿ ಸಣ್ಣ ಅಲುಗಾಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಗಟ್ಟಿಯಾಗಿ ದೂಡಿದರೆ ಮಾತ್ರ ಕೇಳುತ್ತದೆ. ಅದರ ಮೇಲೆ ಕರ್ಸರ್ ಜಾರದೆ ಜಿಗಿದರೆ, ಎಷ್ಟು ನಡುಗಿದರೂ ಅದು ಕೂಡುಹಳಿಯ ಮೇಲೇ ಕೂರುತ್ತದೆ.

ಫರ್ಹಾನನ ಹತ್ತಿರ ಹೋದೆ. "ಆ ಜಿಗಿಯೋ ಕರ್ಸರ್ ಮಾಡ್ಕೊಡು."

"ಸರ್ ಬ್ಯಾಡ ಅಂದಾರಲ್ಲಕ್ಕಾ?"

"ಅವ್ರು ಅಂದಿದ್ದು ನಂಗ. ನಿಂಗ ಅಂದಿಲ್ಲಲ್ಲ."

ಅವನು ನನ್ನ ಮುಖ ನೋಡಿದ. ಯಾಕೆಂದು ಕೇಳಲಿಲ್ಲ. ಆದರೆ ಅಂದಿನಿಂದ ಸ್ವೆಟರಿನ ಮಾತು ನಿಲ್ಲಿಸಿದ. ಹನ್ನೆರಡು ದಿನ ಇಬ್ಬರೂ ಕೂತೆವು. ಮೊದಲ ಕರ್ಸರ್ ಹುಚ್ಚು ಮಿಡತೆಯಂತೆ ಊರು ದಾಟಿ ಕಾಡಿಗೆ ಹಾರಿತು. ಎರಡನೆಯದು ಎರಡು ಕಂಬಗಳ ನಡುವೆ ಸಿಕ್ಕಿಕೊಂಡು ಅತ್ತ ಇತ್ತ ಕುಣಿಯಿತು. ದೂಡಿದ ದಿಕ್ಕನ್ನು ಮೊದಲು ನೋಡಿ, ದೂರವನ್ನು ಆಮೇಲೆ ನೋಡು ಎಂದು ಅದಕ್ಕೆ ಕಲಿಸಿದ ಮೇಲೆ ಸರಿಹೋಯಿತು. ಹಳಿ ಇನ್ನೂ ಇಲ್ಲದ ಕಡೆ ಜಿಗಿದು ಕೂರಲು ಅಲ್ಲಲ್ಲಿ ಗುರುತಿನ ಕಂಬಗಳನ್ನು ನೆಟ್ಟೆವು. ಖಾಲಿ ಜಾಗದಲ್ಲಿ ನಿಲ್ಲಬೇಕಾದರೆ ಒಂದು ಬಟನ್ ಒತ್ತಿ ಹಿಡಿಯಬೇಕು, ಆಗ ಮೆಲ್ಲಗೆ ಜಾರುತ್ತದೆ. ಎಲ್ಲಿ ಬೇಕಾದಲ್ಲಿ ತೋರಿಸುವ ಜಾಗವನ್ನೂ ಹಾಗೆ ಉಳಿಸಿದೆವು. ಕುಲಕರ್ಣಿ ಸರ್ ಹೇಳಿದ್ದು ನನ್ನ ಕಿವಿಯಲ್ಲಿತ್ತು.

ಒಂದು ಮಧ್ಯಾಹ್ನ ಅವರನ್ನು ಸೋಫಾದ ಕೋಣೆಗೆ ಕರೆದೆ. ಪ್ಯಾಡ್ ಕೈಗೆ ಕೊಟ್ಟೆ. "ಆ ಕೆರಿ ಸುತ್ತ ಒಂದು ಹಳಿ ಹಾಕ್ರಿ ಸರ್."

"ಓಹೋ, ನನಗೇ ಪರೀಕ್ಷಾ?" ಎನ್ನುತ್ತ ಡಾಕ್ಟರ ಕೋಣೆಯಲ್ಲಿ ಕೂತವರ ಹಾಗೆ ಸೋಫಾದ ತುದಿಯಲ್ಲಿ ಕೂತರು. ನಾನು ಪಕ್ಕದಲ್ಲಿ ನಿಂತೆ. ಮೊದಲ ಸಲ ದೂಡಿದರು. ಕರ್ಸರ್ ಸ್ಟೇಷನ್ನಿನಿಂದ ದಡದ ಮೊದಲ ಕಂಬಕ್ಕೆ ಹಾರಿ ಕೂತಿತು. ಅವರು ಅದನ್ನೇ ನೋಡಿದರು, ಅದು ಮತ್ತೆ ಅಲುಗುತ್ತದೆಯೋ ಎಂದು ಕಾಯುವವರಂತೆ. ಅಲುಗಲಿಲ್ಲ. ಎರಡನೇ ಸಲ. ಮೂರನೇ ಸಲ. ನೀಲಿ ಪರದೆಯಿಂದ ಸೋಸಿದ ಬಿಸಿಲು ಅವರ ಮೊಣಕಾಲಿನಿಂದ ನೆಲಕ್ಕೆ ಇಳಿಯಿತು. ಆಟದೊಳಗೂ ಹೊತ್ತು ಮುಳುಗುತ್ತಿತ್ತು. ಕೆರೆಯ ಸುತ್ತ ದೀಪಗಳು ಹತ್ತಿಕೊಂಡವು, ನೀರಿನಲ್ಲಿ ಅವುಗಳ ಪ್ರತಿಬಿಂಬ ಉದ್ದವಾಯಿತು. ಮೊದಲ ರೈಲು ಹೊರಟಿತು, ದಡದ ತಿರುವುಗಳಲ್ಲಿ ಮರೆಯಾಗಿ ಮತ್ತೆ ಕಾಣಿಸುತ್ತ ಸುತ್ತು ಹಾಕಿ ಬಂತು. ನಾನು ಅವರ ಬೆನ್ನನ್ನು ನೋಡುತ್ತಿದ್ದೆ. ಯಾವಾಗ ಆಯಿತೋ ತಿಳಿಯಲಿಲ್ಲ, ಬೆನ್ನು ಸೋಫಾಕ್ಕೆ ಒರಗಿತ್ತು. ಒಂದೂವರೆ ಗಂಟೆ ಅದು ಏಳಲೇ ಇಲ್ಲ.

ಕೊನೆಗೆ ಮೆನು ತೆರೆದು, "ಇದನ್ನ ಎಲ್ಲಿ ಇಟ್ಟೀರಿ?" ಎಂದರು. 'ಸಹಾಯ' ಅನ್ನುವ ಪುಟದಲ್ಲಿ, ಕಣ್ಣು ಕಾಣದವರ, ಕಿವಿ ಕೇಳದವರ ಅನುಕೂಲಗಳ ಕೆಳಗೆ 'ಸುಲಭ ಕರ್ಸರ್' ಎಂದು ಇಟ್ಟಿದ್ದೆವು. ಅವರ ಮುಖ ಗಂಟಾಯಿತು.

"ಸುಲಭ ಅಂತ ಬರದ್ರ ಯಾರ್ ಮುಟ್ತಾರ? ನಾ ಅಂತೂ ಮುಟ್ಟಂಗಿಲ್ಲ. ಹಿಂಗ ಕೈ ನಡುಗೋ ಮನುಷ್ಯಾ ಆಟಾ ತಂದು ಮೊದಲ ಸಹಾಯದ ಪುಟಾ ತಗೀತಾನೇನು? ಒಂದೆರಡು ಸಲ ನೋಡ್ತಾನ, ನನ್ನ ಕಡಿಂದ ಆಗಂಗಿಲ್ಲ ಅಂತ ಬಾಜೂಕ ಇಡ್ತಾನ, ಮುಗೀತು. ಇದು ಆಟಾ ಶುರು ಆದ್ರ ಇರಲಿ. ಎಲ್ಲಾರಿಗೂ ಇರಲಿ. ಬ್ಯಾಡಾದವ್ರು ಬಂದ್ ಮಾಡ್ಲಿ."

ಹನ್ನೊಂದು ವರ್ಷದಲ್ಲಿ ನಾನು ಕಲಿತ ಪಾಠಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ನೀವೂ ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಮರುದಿನದ ಸಭೆಯಲ್ಲಿ ಅವರು ಕೈಗಳನ್ನು ಜೇಬಿನಿಂದ ಹೊರಗೆ ತೆಗೆದುಕೊಂಡೇ ಬೋರ್ಡಿನ ಮುಂದೆ ನಿಂತರು. "ಈ ನಡುಗೋ ಕರ್ಸರ್ ನಂದು," ಎಂದರು. ನಾನು ಬರೆದ ಚೀಟಿಯ ಕೆಳಗೆ, ಅಲುಗಾಡುವ ಅಕ್ಷರಗಳಲ್ಲಿ, ಅವರೇ ಬರೆದರು: 'ಕಂಪ್ಯೂಟರಿನಲ್ಲಿ ಉಳಿದಿದೆ. ಕನ್ಸೋಲಿನಲ್ಲಿ ಇಲ್ಲ.' ಫರ್ಹಾನ್ ತಲೆ ತಗ್ಗಿಸಿ, "ಮಾಫ್ ಮಾಡ್ರಿ ಸರ್, ಅವತ್ತು ನಾ..." ಎಂದ.

"ಮಾಫಿ ಇರಲಿ. ಸ್ವೆಟರ್ ಎಲ್ಲಿ?"

ಆಗ ಎಲ್ಲರೂ ಮತ್ತೆ ನಕ್ಕೆವು. ಈ ಸಲದ ನಗು ಬೇರೆ ಥರದ್ದು.

ಅವರು ಇನ್ನೂ ಎರಡು ವರ್ಷ ಕೆಲಸ ಮಾಡಿ, ಸರಿಯಾದ ವಯಸ್ಸಿಗೆ ನಿವೃತ್ತರಾದರು. ಆಟ ಬಿಟ್ಟರೋ ಇಲ್ಲವೋ ಎನ್ನುವುದು ಮಾತ್ರ ನನಗೆ ಗೊತ್ತಾದದ್ದು ಆಮೇಲೆ.

ನಮ್ಮ ರೈಲು ಆಟದಲ್ಲಿ ಕಂಪ್ಯೂಟರಿನವರೂ ಕನ್ಸೋಲಿನವರೂ ಒಂದೇ ನಕ್ಷೆಯಲ್ಲಿ ಎದುರುಬದುರು ಆಡುವ ಸೌಕರ್ಯ ಬಂದ ಮೇಲೆ, ಒಂದು ಭಾನುವಾರ ನನ್ನ ಲ್ಯಾಪ್‌ಟಾಪ್ ಹಿಡಿದು ಸಿಕಂದರಾಬಾದಿನ ಅವರ ಮನೆಗೆ ಹೋದೆ. ಅವರು ದಿವಾನದ ಮೇಲೆ ದಿಂಬಿಗೆ ಒರಗಿ, ಪ್ಯಾಡ್ ಹಿಡಿದು ಕೂತರು. ನಾನು ಊಟದ ಮೇಜಿನ ಮೇಲೆ ಮೌಸ್ ಇಟ್ಟುಕೊಂಡೆ. ನಡುವೆ ಒಂದು ಹೊಳೆ, ಆಚೆ ಕಲ್ಲಿದ್ದಲಿನ ಗಣಿ. ಮೊದಲು ಸೇತುವೆ ಹಾಕಿದವರಿಗೆ ಗಣಿ.

ಮೌಸಿನವರಿಗೆ ಪ್ಯಾಡಿನವರು ವೇಗದಲ್ಲಿ ಸಾಟಿಯಲ್ಲ. ಇದನ್ನು ಯಾರು ಎಷ್ಟೇ ಅಲ್ಲಗಳೆದರೂ ನಾನು ಹನ್ನೊಂದು ವರ್ಷ ಕಣ್ಣಾರೆ ಕಂಡದ್ದು. ಅರ್ಧ ಗಂಟೆಯಲ್ಲಿ ನನ್ನ ಹಳಿ ಹೊಳೆಯ ದಡ ಮುಟ್ಟಿತು. ಅವರ ಕರ್ಸರ್ ಇನ್ನೂ ಗುಡ್ಡದ ಆಚೆ, ಕಂಬದಿಂದ ಕಂಬಕ್ಕೆ ಹಾರುತ್ತ ಬರುತ್ತಿತ್ತು. ಎಷ್ಟು ಅಚ್ಚುಕಟ್ಟಾಗಿ ಬರುತ್ತಿತ್ತೆಂದರೆ, ನನ್ನ ಕೈ ನಿಂತಿತು. ಮೋಡಗಳನ್ನು ನೋಡುವವಳ ಹಾಗೆ ನಕ್ಷೆಯನ್ನು ಅತ್ತ ಇತ್ತ ಸರಿಸಿದೆ. 'ಸೇತುವೆ' ಬಟನ್ ಕಣ್ಣ ಮುಂದೆಯೇ ಇತ್ತು. ಒತ್ತಲಿಲ್ಲ.

ಇದ್ದಕ್ಕಿದ್ದಂತೆ ಎಲ್ಲ ನಿಂತುಬಿಟ್ಟಿತು. ಅವರು ಆಟ ತಡೆಯುವ ಪಾಜ್ ಬಟನ್ ಒತ್ತಿದ್ದರು. ರೈಲಿನ ಹೊಗೆ ಗಾಳಿಯಲ್ಲೇ ನಿಂತಿತು. ಹೊಳೆಯ ನೀರು ನಿಂತಿತು.

"ಸುಮಾ."

"ಏನ್ರೀ ಸರ್?"

"ದಂಡಿ ಮುಟ್ಟಿ ಎಷ್ಟೊತ್ತಾತು?"

ನಾನು ಮೌಸಿನಿಂದ ಕೈ ತೆಗೆದೆ.

"ನೀ ಸೋಲಲಿಕ್ಕೆ ಬಂದೀಯೋ, ಆಡಲಿಕ್ಕೆ ಬಂದೀಯೋ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಂದರ್ಶನದ ದಿನದ ಹಾಗೆಯೇ ನನ್ನ ಕೈಗಳನ್ನು ನೋಡುತ್ತಿದ್ದರು. "ಸೋಲಲಿಕ್ಕೆ ಬಂದಿದ್ರ ಚಹಾ ಕುಡಿದು ಹೋಗು. ಕೈ ನೋಡಿ ಮರುಗೋ ಮಂದಿ ನನಗ ಮನ್ಯಾಗ ಭಾಳ ಅದಾರ. ಆಡೋರ ಇಲ್ಲ."

"ಆಡ್ತೀನ್ರೀ," ಎಂದೆ.

ಅವರು ಬಟನ್ ಒತ್ತಿದರು. ನೀರು ಹರಿಯಿತು. ನಾನು ಸೇತುವೆ ಹಾಕಿದೆ, ಗಣಿ ಹಿಡಿದೆ, ಅವರ ಎರಡು ಊರುಗಳ ಸರಕನ್ನೂ ನನ್ನ ಕಡೆ ತಿರುಗಿಸಿಕೊಂಡೆ. ಯಾವುದನ್ನೂ ಬಿಡಲಿಲ್ಲ. ನನಗೆ ಅವರು ಕಲಿಸಿದ್ದನ್ನೆಲ್ಲ ಅವರ ಮೇಲೇ ಹೂಡಿದೆ. ಒಂದು ಗಂಟೆ ಮುಗಿಯುವುದರೊಳಗೆ ಅವರ ಕೊನೆಯ ರೈಲು ಹೊರೆಯಿಲ್ಲದೆ, ಗುಡ್ಡದ ತಿರುವಿನಲ್ಲಿ ಮೆಲ್ಲಗೆ ನಿಂತುಹೋಯಿತು.

ಕುಲಕರ್ಣಿ ಸರ್ ದೀರ್ಘವಾಗಿ ಉಸಿರು ಬಿಟ್ಟರು. ದಿಂಬನ್ನು ಸರಿಮಾಡಿಕೊಂಡರು. ಒಳಗಿದ್ದ ಹೆಂಡತಿಯ ಕಡೆ ತಿರುಗಿ, "ಏ, ಇಕೀಗೂ ಊಟಕ್ಕ ಇಡು, ಇನ್ನ ಹೊತ್ತಾಗತದ," ಎಂದು ಕೂಗಿದರು. ಆಮೇಲೆ ನನ್ನ ಕಡೆ ನೋಡಿದರು.

"ಹಾಂ. ಇನ್ನೊಂದು ಆಟಾ ಹಚ್ಚು."